ಕಡಲಿಲ್ಲದ ಸೀಮೆಗೆ ಎಂಟು ಕೈ ನೆಂಟ

ಕಂಬದೂರು: ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಅನಂತಪುರ ಜಿಲ್ಲೆಯ ಮಕ್ಕಳಿಗೆ ಕೆರೆ ತುಂಬಿದ್ದೇ ಹಬ್ಬ. ಕಡಲು ಅಂದರೆ ಸಿನಿಮಾ ಹಾಡಿನಲ್ಲಿ ಕಂಡಿದ್ದು. ಆದರೂ ಕಡಲಿಗೂ ನಮಗೂ ನಂಟಿಲ್ಲ ಅನ್ನುವಂತಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ಬಿಟ್ಟು ಹಿಂದೂಪುರದ ಕಡೆ ಬಂದು, ನಾಗಲಮಡಿಕೆ ಹತ್ತಿರ ಮತ್ತೆ ಕರ್ನಾಟಕ ಹೊಕ್ಕು, ತಿರುಗಿ ಆಂಧ್ರಕ್ಕೆ ಬಂದು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತಾಳೆ. ಇಷ್ಟು ಸಲ ಗಡಿ ದಾಟಿದರೂ ನಿನ್ನ ಭಾಷೆ ಯಾವುದಮ್ಮಾ ಅಂತ ಆಕೆಯನ್ನು ಯಾರೂ ಕೇಳಿಲ್ಲ.

ಮನೆಯಲ್ಲಿ ಕನ್ನಡ, ಬಡಿಯಲ್ಲಿ ತೆಲುಗು ಅನ್ನುವ ನಮ್ಮ ಮಕ್ಕಳಿಗೆ ಕಡಲ ಜೀವಿಗಳನ್ನು ನಗಿಸುತ್ತಾ ತೋರಿಸುವ ಚಿತ್ರಪುಸ್ತಕ ಬೇಕು, ಅದೂ ಎರಡು ಭಾಷೆಯಲ್ಲೂ. ಇದೇನು ಹೊಸ ಆಸೆಯಲ್ಲ. ಕಡಲ ತಡಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ ಬರೆದು ಮಕ್ಕಳ ಮುಂದೆ ಲೋಕವನ್ನೇ ಹರಡಿದರು. 2004ರಲ್ಲಿ ಬೆಂಗಳೂರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರು ರಾಜೀವ್ ಐಪ್ ಬರೆದು ಚಿತ್ರಿಸಿದ ‘ಡೈವ್!’ ಪುಸ್ತಕ ತಂದಿದ್ದಾರೆ. ಓದುವವನು ಕೂತಲ್ಲೇ ಕಡಲೊಳಗೆ ಮುಳುಗಿ ಏಳಬಹುದು.

ನಗುವಿಗೇನು, ಕಡಲಲ್ಲಿ ಸರಕು ಬೇಕಾದಷ್ಟಿದೆ. ಆಕ್ಟೋಪಸ್‌ಗೆ ಎಂಟು ಕೈ, ಮೂರು ಹೃದಯ. ಕಡ್ಲೆಕಾಯಿ ಕೀಳುವಾಗ ಇಂಥ ನಾಲ್ಕು ಆಳು ಸಿಕ್ಕರೆ ಸಾಕಿತ್ತು, ಕೂಲಿ ಮಾತ್ರ ತಲೆ ಎಣಿಸಿ ಕೊಡಬೇಕು! ಕಡಲಕುದುರೆಯಲ್ಲಿ ಬಸುರಿ ಹೊರುವುದು ಗಂಡು. ಈ ಚಿತ್ರ ನೋಡಿದರೆ ನಮ್ಮ ಹೆಣ್ಣುಮಕ್ಕಳು ಬಿದ್ದುಬಿದ್ದು ನಗ್ತಾರೆ. ಇನ್ನು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಚಿಪ್ಪಿನಲ್ಲಿ ಸಂಸಾರ. ಮೈ ಬೆಳೆದರೆ ದೊಡ್ಡ ಮನೆ ಬೇಕು. ಒಂದು ಚಿಪ್ಪು ಖಾಲಿಯಾದರೆ ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು ಅಂತ ಸಾಲಾಗಿ ನಿಂತು ಒಂದರ ಮನೆಗೆ ಇನ್ನೊಂದು ಹೊಕ್ಕುತ್ತವೆ. ಬೆಂಗಳೂರಿಗೆ ಗುಳೆ ಹೋಗಿ ಬಾಡಿಗೆ ಮನೆ ಹುಡುಕಿದವರ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತೊಡಕಿರುವುದು ಮಾತಿನಲ್ಲಿ. ಆಕ್ಟೋಪಸ್‌ಗೆ ಕನ್ನಡ ಪುಸ್ತಕಗಳು ‘ಅಷ್ಟಪದಿ’ ಅಂತವೆ. ನಮ್ಕಡೆ ಅಷ್ಟಪದಿ ಅಂದರೆ ಭಜನೆಯವರು ತಾಳ ತಗೊಂಡು ಬಂದಾರು! ಏಡಿ ಅಂದರೆ ಕನ್ನಡದ ಹುಡುಗನಿಗೆ ತಿಳಿಯುತ್ತೆ. ಪಕ್ಕದಲ್ಲಿ ಕೂತ ತೆಲುಗು ಹುಡುಗನಿಗೆ ಎಂಡ್ರಕಾಯ ಅನ್ನಬೇಕು. ಪ್ರಾಸದ ಪಾಡಂತೂ ಕೇಳಲೇಬೇಡಿ. ಕನ್ನಡದಲ್ಲಿ ಮೀನು, ನಾನು, ನೀನು, ಜೇನು ಅಂತ ಸಲೀಸಾಗಿ ಹರಿಯುತ್ತೆ. ತೆಲುಗಿನ ‘ಚೇಪ’ಕ್ಕೆ ‘ಪಾಪ’ ಹುಡುಕಬೇಕು, ಆಗ ಪದ್ಯದೊಳಗೆ ಮಗುವೇ ಬಂದು ಕೂತು ಕಥೆಯೇ ಬೇರೆಯಾಗುತ್ತೆ. ಹಾಗಾಗಿ ಪದಕ್ಕೆ ಪದ ಇಟ್ಟು ತರ್ಜುಮೆ ಮಾಡಿದರೆ ನಗು ಗಡಿಯಲ್ಲೇ ನಿಂತುಬಿಡುತ್ತೆ. ಎರಡನೇ ಭಾಷೆಗೆ ಹೊಸದಾಗಿಯೇ ಬರೆಯಬೇಕು. ಎರಡು ಭಾಷೆಯಲ್ಲೂ ಬೈಯಲು, ಚೌಕಾಸಿ ಮಾಡಲು ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಈ ಕೆಲಸಕ್ಕೆ ಅವರೇ ಸರಿ.

ಹಣದ ಮಾತು ಅಡ್ಡ ಬರಬೇಕಾಗಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣದ ಕಥೆಗಳನ್ನು ಪುಕ್ಕಟೆಯಾಗಿ ಓದಬಹುದು, ಬೇರೆ ಭಾಷೆಗೆ ತರಬಹುದು, ಅಚ್ಚು ಹಾಕಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಮಾತ್ರ ಬಿಡಬಾರದು. ಮಂಡಿಯ ಸಾಹುಕಾರರು ಕ್ಯಾಲೆಂಡರ್‌ಗೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಶಾಲೆಗೆ ಇವು ಸಿಗುತ್ತವೆ. ಆದರೆ ಕಪ್ಪು-ಬಿಳುಪು ಜೆರಾಕ್ಸ್ ಬೇಡ ಸ್ವಾಮೀ, ಆಕ್ಟೋಪಸ್ಸು ಕ್ಷಣಕ್ಕೊಂದು ಬಣ್ಣ ಬದಲಿಸುತ್ತೆ.