ಉತ್ತರ ನಿಮ್ಮ ಕಣ್ಣ ಮುಂದೆಯೇ ಇದೆ

ಕಳೆದ ಮಳೆಗಾಲದ ಒಂದು ಸಂಜೆ ನೆರೆಯ ಮಹಿಳೆಯೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ದ್ವಿತೀಯ ಪಿಯುಸಿ, ಕಲಾ ವಿಭಾಗ. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾನೂನು ಓದಬೇಕೆಂಬುದು ಅವಳ ಆಸೆ. ಕೈಯಲ್ಲಿ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದಿತ್ತು.

"ಟೀಚರ್, ಇದನ್ನು ನೋಡಿದ ಮೇಲೆ ಇವಳು ಸರಿಯಾಗಿ ಊಟ ಕೂಡ ಮಾಡಿಲ್ಲ. ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರ ಬರೆಯಬೇಕಂತೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಇವಳ ಬಾಪ ದಮ್ಮಾಮಿನಲ್ಲಿದ್ದಾರೆ. ಕೋಚಿಂಗಿಗೆಂದು ದಿನಾ ಮಂಗಳೂರಿಗೆ ಕಳುಹಿಸುವ ಶಕ್ತಿ ನಮಗಿಲ್ಲ. ಇದು ನಮ್ಮಂಥವರಿಗಲ್ಲ ಎಂದು ಬಿಟ್ಟುಬಿಡುವುದಾ?" ಎಂದು ಕೇಳಿದರು.

ಹುಡುಗಿ ಉತ್ತರ ಗುರುತು ಹಾಕಿದ್ದ ಪತ್ರಿಕೆಯನ್ನು ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ತಪ್ಪು. ತಪ್ಪಾದವುಗಳನ್ನು ಒಂದೊಂದಾಗಿ ಎತ್ತಿಕೊಂಡು, "ಈ ಉತ್ತರವನ್ನು ಯಾಕೆ ಆರಿಸಿದೆ?" ಎಂದು ಕೇಳುತ್ತಾ ಹೋದೆ. "ಅದು ನಿಜವಾದ ವಿಷಯ ಅಲ್ವಾ ಟೀಚರ್?" ಎಂದಳು. ಹೌದು, ವಿಷಯ ನಿಜವೇ. ಆದರೆ ಆ ಪ್ಯಾಸೇಜಿನಲ್ಲಿ ಅದು ಎಲ್ಲಿಯೂ ಇರಲಿಲ್ಲ. ಅವಳಿಗೆ ಹೆಚ್ಚಿನ ಪದಗಳ ಅರ್ಥ ಗೊತ್ತಿತ್ತು. ಆದರೆ ಮುಂದಿರುವುದನ್ನು ಓದದೆ, ತನಗೆ ಗೊತ್ತಿದ್ದುದನ್ನು ಉತ್ತರವಾಗಿ ಕೊಟ್ಟಿದ್ದಳು.

ಈ ತಪ್ಪು ನನಗೆ ಹೊಸದಲ್ಲ. ಒಂದು ಕಾಲದಲ್ಲಿ ನಾನೇ ಇದನ್ನು ಮಾಡಿ ಸೋತವಳು.

ಮದ್ರಸದಲ್ಲಿ ಕಲಿತದ್ದು, ಬಿ.ಎ.ಯಲ್ಲಿ ಮರೆತದ್ದು

ಅರಬಿ ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ ಉಸ್ತಾದರು ಕಿತಾಬಿನ ಒಂದು ಸಾಲು ಓದಿಸಿದರೆ ಅಷ್ಟು ಸುಲಭವಾಗಿ ಮುಂದಿನ ಸಾಲಿಗೆ ಹೋಗಲು ಬಿಡುತ್ತಿರಲಿಲ್ಲ. "ಈ ಝಮೀರ್ ಯಾರ ಕಡೆಗೆ ಮರಳುತ್ತದೆ?" ಎಂದು ಕೇಳುತ್ತಿದ್ದರು. ಝಮೀರ್ ಎಂದರೆ ಸರ್ವನಾಮ. 'ಅವನು' ಎಂದರೆ ಯಾರು, 'ಅದು' ಎಂದರೆ ಯಾವುದು ಎಂದು ಬೆರಳಿಟ್ಟು ತೋರಿಸಬೇಕು. "ಹಾಗಿರಬಹುದು" ಎಂದರೆ ಒಪ್ಪುತ್ತಿರಲಿಲ್ಲ. "ಎಲ್ಲಿದೆ ತೋರಿಸು" ಎನ್ನುತ್ತಿದ್ದರು.

ಮುಂದೆ ಖಾಸಗಿಯಾಗಿ ಬಿ.ಎ.ಗೆ ಕಟ್ಟಿದಾಗ ಈ ಪಾಠವನ್ನು ನಾನು ಇಂಗ್ಲಿಷಿಗೆ ಒಯ್ಯಲಿಲ್ಲ. ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ನೋಡಿರದ ಪ್ಯಾಸೇಜ್ ಬಂತು. ಅದರ ವಿಷಯ ಹೆಣ್ಣುಮಕ್ಕಳ ಶಿಕ್ಷಣ. ನನಗೆ ಗೊತ್ತಿದ್ದುದನ್ನೆಲ್ಲ ಸಂತೋಷದಿಂದ ಬರೆದೆ. ಆ ಪತ್ರಿಕೆಯಲ್ಲಿ ಫೇಲಾದೆ. ಉತ್ತರವೆಲ್ಲ ಕಣ್ಣ ಮುಂದೆಯೇ ಅಚ್ಚಾಗಿತ್ತು, ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬುದು ಅರ್ಥವಾದದ್ದು ಮರುಪರೀಕ್ಷೆಗೆ ಕುಳಿತಾಗ.

ಯಾವ ಪರೀಕ್ಷೆಗೆ ಇದು ಬೇಕು?

ನಮ್ಮ ರಾಜ್ಯದ ಸಿಇಟಿಯಲ್ಲಿ ಇಂಗ್ಲಿಷ್ ಪತ್ರಿಕೆ ಇಲ್ಲ. ವೈದ್ಯಕೀಯದ ನೀಟ್‌ನಲ್ಲೂ ಇಲ್ಲ. ಆದ್ದರಿಂದ ಅನೇಕ ಮನೆಗಳಲ್ಲಿ ಇದರ ಯೋಚನೆಯೇ ಬರುವುದಿಲ್ಲ. ಆದರೆ ವಿಜ್ಞಾನ ಬಿಟ್ಟು ಬೇರೆ ದಾರಿ ಹಿಡಿಯುವ ಹೆಣ್ಣುಮಕ್ಕಳು ಎರಡು ಪರೀಕ್ಷೆಗಳನ್ನು ತಿಳಿದಿರಬೇಕು.

ಒಂದು, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಲ್ಲಿ ಆರಂಭವಾದ ಸಿಯುಇಟಿ. ಕಲಬುರಗಿ ಜಿಲ್ಲೆಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ ಮುಂತಾದವು ಇದರ ಮೂಲಕ ಸೀಟು ಕೊಡುತ್ತವೆ. ಇದರಲ್ಲಿ 13 ಭಾಷೆಗಳ ಪತ್ರಿಕೆಗಳಿವೆ. ಕನ್ನಡವೂ ಇದೆ, ಉರ್ದುವೂ ಇದೆ. ಆದರೆ ಹಲವು ಕೋರ್ಸುಗಳು ಇಂಗ್ಲಿಷನ್ನೇ ಕೇಳುತ್ತವೆ. ಅರ್ಜಿ ತುಂಬುವ ಮೊದಲು ಆಯಾ ವಿಶ್ವವಿದ್ಯಾಲಯದ ವಿವರಪತ್ರ ನೋಡಿಕೊಳ್ಳಿ. 2025ರಿಂದ ಒಂದು ಪತ್ರಿಕೆಗೆ 50 ಪ್ರಶ್ನೆ, 60 ನಿಮಿಷ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಪರೀಕ್ಷೆ ಕಂಪ್ಯೂಟರಿನಲ್ಲಿ.

ಎರಡು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ನಡೆಯುವ ಕ್ಲಾಟ್. ಇದು ಡಿಸೆಂಬರಿನಲ್ಲಿ, ಕಾಗದದ ಮೇಲೆ ನಡೆಯುತ್ತದೆ. 120 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. ಇಲ್ಲಿ ಇಂಗ್ಲಿಷ್ ವಿಭಾಗದಲ್ಲಿ ಮಾತ್ರ ಪ್ಯಾಸೇಜ್ ಎಂದುಕೊಳ್ಳಬೇಡಿ. ಕಾನೂನು, ತರ್ಕ, ಸಾಮಾನ್ಯ ಜ್ಞಾನ, ಕೊನೆಗೆ ಲೆಕ್ಕವೂ ಪ್ಯಾಸೇಜಿನ ಮೇಲೆಯೇ ನಿಂತಿದೆ. ಒಂದೊಂದು ಪ್ಯಾಸೇಜ್ ಸುಮಾರು 450 ಪದಗಳವರೆಗೆ ಇರುತ್ತದೆ. ನಿಮಿಷಕ್ಕೆ 150 ಪದದಂತೆ ಓದಿದರೂ ಓದುವುದಕ್ಕೇ ಮೂರು ನಿಮಿಷ ಬೇಕು. ಓದಲು ಬಾರದವರು ಈ ಪರೀಕ್ಷೆಯಲ್ಲಿ ಯಾವ ವಿಭಾಗಕ್ಕೂ ತಪ್ಪಿಸಿಕೊಂಡು ಹೋಗುವಂತಿಲ್ಲ.

ಒಂದು ಬಾವಿಯ ಕಥೆ

ಆ ಸಂಜೆ ಹುಡುಗಿಗೆ ನಾನು ಮೊದಲು ಕನ್ನಡದಲ್ಲೇ ಒಂದು ಚಿಕ್ಕ ಪ್ಯಾಸೇಜ್ ಬರೆದುಕೊಟ್ಟೆ. ನೀವೂ ಓದಿ ನೋಡಿ:

'ಆ ಊರಿನ ಪ್ರತಿ ಮನೆಯಲ್ಲೂ ಬಾವಿ ಇತ್ತು. ನಲ್ಲಿ ಬಂದ ಮೇಲೆ ಜನ ಬಾವಿಯ ಹೂಳು ತೆಗೆಸುವುದನ್ನು ಬಿಟ್ಟರು. ಒಬ್ಬ ಮುದುಕಿ ಮಾತ್ರ ಪ್ರತಿ ಬೇಸಗೆಯಲ್ಲೂ ಹೂಳು ತೆಗೆಸುತ್ತಿದ್ದಳು. ಅದನ್ನು ಕಂಡು ಊರಿನವರು ನಗುತ್ತಿದ್ದರು. ಒಂದು ವರ್ಷ ಹದಿನೈದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಆಗ ನೀರು ಸಿಕ್ಕಿದ್ದು ಅವಳ ಬಾವಿಯಲ್ಲಿ ಮಾತ್ರ. ನಕ್ಕವರೇ ಕೊಡ ಹಿಡಿದು ಅವಳ ಅಂಗಳದಲ್ಲಿ ಸಾಲು ನಿಂತರು.'

ಪ್ರಶ್ನೆ: ಈ ಪ್ಯಾಸೇಜಿನ ಮುಖ್ಯ ಆಶಯವೇನು?

(ಎ) ನಲ್ಲಿ ನೀರಿಗಿಂತ ಬಾವಿ ನೀರು ಆರೋಗ್ಯಕ್ಕೆ ಒಳ್ಳೆಯದು.
(ಬಿ) ಮುದುಕಿ ಪ್ರತಿ ಬೇಸಗೆಯಲ್ಲಿ ಬಾವಿಯ ಹೂಳು ತೆಗೆಸುತ್ತಿದ್ದಳು.
(ಸಿ) ಬೇಡವೆನಿಸಿದರೂ ಜೋಪಾನ ಮಾಡಿಟ್ಟದ್ದು ಕಷ್ಟಕಾಲಕ್ಕೆ ಒದಗುತ್ತದೆ.
(ಡಿ) ಹೊಸ ಸೌಲಭ್ಯಗಳೆಲ್ಲವೂ ಯಾವಾಗಲೂ ಕೈಕೊಡುತ್ತವೆ.

ಹುಡುಗಿ (ಎ) ಎಂದಳು. ಅವಳ ಉಮ್ಮ ತಕ್ಷಣ, "ಅದರಲ್ಲಿ ಆರೋಗ್ಯದ ಮಾತೇ ಇಲ್ಲವಲ್ಲ!" ಎಂದರು. ಇಂಗ್ಲಿಷ್ ಬಾರದ ಆ ತಾಯಿ ಕಾಂಪ್ರಿಹೆನ್ಷನ್ನಿನ ಮೊದಲ ಪಾಠವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

(ಎ) ಹೊರಗಿನಿಂದ ಬಂದ ಉತ್ತರ. ಲೋಕದಲ್ಲಿ ನಿಜವಿರಬಹುದು, ಪ್ಯಾಸೇಜಿನಲ್ಲಿಲ್ಲ. (ಬಿ) ಪ್ಯಾಸೇಜಿನಲ್ಲಿರುವ ಮಾತೇ, ಆದರೆ ಒಂದು ವಿವರ ಮಾತ್ರ. ಕೇಳಿದ್ದು ಇಡೀ ಆಶಯ. (ಡಿ) ಸ್ವಲ್ಪ ನಿಜವನ್ನು ಹಿಗ್ಗಿಸಿದ ಉತ್ತರ. ನಲ್ಲಿ ಕೈಕೊಟ್ಟಿದ್ದು ಒಮ್ಮೆ. 'ಎಲ್ಲವೂ', 'ಯಾವಾಗಲೂ' ಎಂದು ಯಾರು ಹೇಳಿದರು? ಉಳಿದದ್ದು (ಸಿ). ಪ್ರಶ್ನೆಪತ್ರಿಕೆ ತಯಾರಿಸುವವರು ಮತ್ತೆ ಮತ್ತೆ ಬಳಸುವ ಮೂರು ಬಲೆಗಳಿವು: ಹೊರಗಿನದು, ಚಿಕ್ಕದು, ಹಿಗ್ಗಿಸಿದ್ದು.

ಇನ್ನೊಂದು ಪ್ರಶ್ನೆ: 'ಅದನ್ನು ಕಂಡು ನಗುತ್ತಿದ್ದರು' ಎಂಬಲ್ಲಿ 'ಅದು' ಯಾವುದು? ಬಾವಿಯಲ್ಲ, ಮುದುಕಿಯಲ್ಲ, ಹೂಳು ತೆಗೆಸುವ ಕೆಲಸ. ಇದೇ ನಮ್ಮ ಉಸ್ತಾದರ ಝಮೀರ್! ಇಂಗ್ಲಿಷಿನಲ್ಲಿ 'ಇಟ್', 'ದಿಸ್', 'ದೇ' ಎಂಬ ಪುಟ್ಟ ಪದ ಬಂದಾಗಲೆಲ್ಲ ಅದು ಯಾರ ಕಡೆಗೆ ಮರಳುತ್ತದೆಂದು ಕೇಳಿಕೊಳ್ಳಿ.

ಮೂರನೆಯದು, ಇಂಗ್ಲಿಷಿನಲ್ಲಿ 'ಇನ್ಫರ್' ಎನ್ನುವ ಬಗೆಯ ಪ್ರಶ್ನೆ. ಪ್ಯಾಸೇಜಿನಲ್ಲಿ ಬಾಯಿಬಿಟ್ಟು ಹೇಳಿಲ್ಲ, ಆದರೆ ಹೇಳಿದ್ದರಿಂದ ತಿಳಿಯುತ್ತದೆ. ಉಳಿದ ಬಾವಿಗಳು ಬಳಕೆಗೆ ಬರುವಂತಿರಲಿಲ್ಲ ಎಂದು ತಿಳಿಯಬಹುದು. 'ಅವಳ ಬಾವಿಯಲ್ಲಿ ಮಾತ್ರ' ಎಂಬ ಪದ ಅದಕ್ಕೆ ಸಾಕ್ಷಿ. ಮುದುಕಿ ಅವರನ್ನು ಕ್ಷಮಿಸಿದಳು ಎನ್ನುವಂತಿಲ್ಲ. ಕ್ಷಮಿಸಿರಬಹುದು, ಆದರೆ ಸಾಕ್ಷಿಯಿಲ್ಲ.

ಮನೆಯಲ್ಲೇ ಅಭ್ಯಾಸ ಹೀಗೆ

ದಿನಕ್ಕೆ 40 ನಿಮಿಷ ಸಾಕು. ಆದರೆ ದಿನ ತಪ್ಪಬಾರದು. ಮಗ್ರಿಬ್ ಮತ್ತು ಇಶಾದ ನಡುವಿನ ಹೊತ್ತು ಅನೇಕ ಮನೆಗಳಲ್ಲಿ ಇದಕ್ಕೆ ಒದಗುತ್ತದೆ. ಆ ಹೊತ್ತಿನಲ್ಲಿ ಹುಡುಗಿಯನ್ನು ಅಡುಗೆಮನೆಗೆ ಕರೆಯಬೇಡಿ.

ಮೊದಲ ತಿಂಗಳು ಗಡಿಯಾರ ಬೇಡ. ಎನ್‌ಸಿಇಆರ್‌ಟಿಯ 11 ಮತ್ತು 12ನೆಯ ತರಗತಿಯ ಇಂಗ್ಲಿಷ್ ಪುಸ್ತಕಗಳಾದ 'ಹಾರ್ನ್‌ಬಿಲ್', 'ಫ್ಲೆಮಿಂಗೋ' ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಒಂದು ಪುಟ ಓದಲಿ. ಒಂದು ಪ್ಯಾರಾ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತು ಎಂದು ಮನೆಮಾತಿನಲ್ಲಿ ಒಂದೇ ವಾಕ್ಯದಲ್ಲಿ ಉಮ್ಮನಿಗೆ ಹೇಳಲಿ. ಬ್ಯಾರಿಯಾದರೂ ಸರಿ, ಉರ್ದುವಾದರೂ ಸರಿ, ಕನ್ನಡವಾದರೂ ಸರಿ. ಉಮ್ಮನಿಗೆ ಅರ್ಥವಾಗದಿದ್ದರೆ ಮಗಳಿಗೂ ಅರ್ಥವಾಗಿಲ್ಲ ಎಂದೇ ಲೆಕ್ಕ. ಮತ್ತೆ ಓದಲಿ.

ಪೆನ್ಸಿಲ್ ಕೈಯಲ್ಲಿರಲಿ. ದಾರಿ ತಿರುಗಿಸುವ ಪದಗಳಿಗೆ ಗೆರೆ ಎಳೆಯಲಿ: 'ಬಟ್', 'ಹವೆವರ್', 'ಆಲ್ದೋ', 'ಅನ್‌ಲೆಸ್', 'ಎಕ್ಸೆಪ್ಟ್', 'ಓನ್ಲಿ', 'ನಾಟ್'. ಬರೆದವರ ನಿಜವಾದ ಅಭಿಪ್ರಾಯ ಹೆಚ್ಚಾಗಿ 'ಹವೆವರ್' ಎಂಬುದರ ನಂತರವೇ ಬರುತ್ತದೆ. ಪ್ರಶ್ನೆಯಲ್ಲೇ 'ನಾಟ್' ಇದ್ದರೆ ಅದಕ್ಕೆ ವೃತ್ತ ಹಾಕಲಿ. ಅದನ್ನು ನೋಡದೆ ಅಂಕ ಕಳೆದುಕೊಂಡವರು ಬಹಳ.

ಗೊತ್ತಿಲ್ಲದ ಪದ ಬಂದ ಕೂಡಲೇ ನಿಘಂಟಿಗೆ ಓಡಬಾರದು. ಹಿಂದಿನ ಮುಂದಿನ ಸಾಲು ನೋಡಿ ಊಹಿಸಿ, ಆಮೇಲೆ ನಿಘಂಟು ತೆರೆಯಲಿ. ಗೊತ್ತಿರುವ ಪದವೂ ಮೋಸ ಮಾಡುತ್ತದೆ. ನಮ್ಮ ಹುಡುಗಿ 'ಗ್ರೇವ್ ಮ್ಯಾಟರ್' ಎಂಬುದಕ್ಕೆ ಖಬರಿಗೆ ಸಂಬಂಧಿಸಿದ ವಿಷಯ ಎಂದು ಗುರುತು ಹಾಕಿದ್ದಳು. 'ಗ್ರೇವ್' ಎಂದರೆ ಖಬರ್ ಹೌದು. ಆದರೆ ಅಲ್ಲಿ ಅದರ ಅರ್ಥ 'ಗಂಭೀರ'. ಆದ್ದರಿಂದ ಪದವನ್ನಲ್ಲ, ಇಡೀ ವಾಕ್ಯವನ್ನು ಬರೆದಿಟ್ಟುಕೊಳ್ಳಬೇಕು.

ಎರಡನೆಯ ತಿಂಗಳಿನಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿಯಲಿ. ಸಿಯುಇಟಿ, ಕ್ಲಾಟ್ ಎರಡರ ಹಳೆಯ ಪತ್ರಿಕೆಗಳೂ ಅಧಿಕೃತ ಜಾಲತಾಣಗಳಲ್ಲಿವೆ. ಪ್ಯಾಸೇಜನ್ನು ಒಮ್ಮೆ ಪೂರ್ತಿ ಓದಿ, ಪ್ರತಿ ಪ್ರಶ್ನೆಗೂ ಅದಕ್ಕೆ ಮರಳಿ ಹೋಗಿ ಸಾಕ್ಷಿಯ ಸಾಲಿನ ಮೇಲೆ ಬೆರಳಿಡಬೇಕು. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ನಿಮ್ಮದು, ಪ್ಯಾಸೇಜಿನದ್ದಲ್ಲ.

ತಪ್ಪುಗಳಿಗೆ ಬೇರೆಯೇ ಒಂದು ನೋಟ್‌ಬುಕ್ ಇಡಲಿ. ಅಂಕ ಬರೆಯುವುದು ಮುಖ್ಯವಲ್ಲ, ಕಾರಣ ಬರೆಯಬೇಕು: ಹೊರಗಿನದನ್ನು ತಂದೆನೇ, ಚಿಕ್ಕ ವಿವರಕ್ಕೆ ಮರುಳಾದೆನೇ, ಹಿಗ್ಗಿಸಿದ್ದನ್ನು ನಂಬಿದೆನೇ, ಪದದ ಅರ್ಥ ತಪ್ಪಿತೇ? ಎರಡು ವಾರದಲ್ಲಿ ತನ್ನ ಕಾಯಿಲೆ ಯಾವುದೆಂದು ಅವಳಿಗೇ ಗೊತ್ತಾಗುತ್ತದೆ.

ಗಡಿಯಾರ ಆಮೇಲೆ ಬರಲಿ. ಸಿಯುಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು. ಓದುವ ಸಮಯವೂ ಅದರೊಳಗೇ. ಪರೀಕ್ಷೆ ಕಂಪ್ಯೂಟರಿನಲ್ಲಾದ್ದರಿಂದ ಪರದೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಲಾಗದು. ಕೊನೆಯ ತಿಂಗಳು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಓದಿ ರೂಢಿ ಮಾಡಿಕೊಳ್ಳಲಿ.

ತಪ್ಪಿಗೆ ಅಂಕ ಹೋಗುತ್ತದೆಂದು ಹೆದರಿ ಪ್ರಶ್ನೆ ಬಿಡುವ ಹುಡುಗಿಯರು ಹೆಚ್ಚು. ಲೆಕ್ಕ ನೋಡಿ: ಸಿಯುಇಟಿಯಲ್ಲಿ ನಾಲ್ಕರಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿ, ಉಳಿದ ಎರಡರಲ್ಲಿ ಒಂದನ್ನು ಆರಿಸಿದಿರಿ ಎನ್ನಿ. ಇಂಥ ಹತ್ತು ಪ್ರಶ್ನೆಗಳಲ್ಲಿ ಐದು ಸರಿಯಾಗಿ ಐದು ತಪ್ಪಾದರೂ 25ರಲ್ಲಿ 5 ಹೋಗಿ 20 ಅಂಕ ಉಳಿಯುತ್ತದೆ. ಬಿಟ್ಟಿದ್ದರೆ ಸೊನ್ನೆ.

ತಾಯಂದಿರಿಗೆ ಒಂದು ಮಾತು

'ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವವರಿಲ್ಲ' ಎಂಬ ಒಂದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಮಾತನಾಡುವ ಇಂಗ್ಲಿಷ್ ಬೇರೆ, ಓದುವ ಇಂಗ್ಲಿಷ್ ಬೇರೆ. ಈ ಪರೀಕ್ಷೆಗಳು ಕೇಳುವುದು ಎರಡನೆಯದನ್ನು. ಅದು ತಾಳ್ಮೆಗೆ ಒಲಿಯುತ್ತದೆ. ನಿಮಗೆ ಇಂಗ್ಲಿಷ್ ಬಾರದಿರಬಹುದು. "ಎಲ್ಲಿದೆ ತೋರಿಸು" ಎಂದು ಕೇಳಲು ಬರುತ್ತದಲ್ಲ? ಮಗಳ ಪಕ್ಕದಲ್ಲಿ ಕುಳಿತು ಅಷ್ಟು ಕೇಳಿ.

ನಮ್ಮ ಆ ಹುಡುಗಿ ಈಗಲೂ ಅಭ್ಯಾಸ ಮಾಡುತ್ತಿದ್ದಾಳೆ. ಮೊದಲ ಸಲ ಬರೆದಾಗ ಅವಳು ಬಯಸಿದ ಸೀಟು ಸಿಗಲಿಲ್ಲ. ಸದ್ಯ ಊರಿನ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ್ದಾಳೆ, ಇನ್ನೊಮ್ಮೆ ಬರೆಯುತ್ತಾಳೆ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ.

ಇತ್ತೀಚೆಗೆ ಅವಳ ಉಮ್ಮ ಮತ್ತೆ ಬಂದಿದ್ದರು. ಚಿಕ್ಕ ಮಗನ ಸ್ಕಾಲರ್‌ಶಿಪ್ ಬಗ್ಗೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತಂತೆ. ಅಂಗಡಿಯವರೊಬ್ಬರಿಗೆ ತೋರಿಸಿದಾಗ ಅವರು 'ರಿಜೆಕ್ಟ್' ಎಂಬ ಪದ ನೋಡಿ, "ಅರ್ಜಿ ತಿರಸ್ಕಾರವಾಗಿದೆ" ಎಂದುಬಿಟ್ಟರು. ಅಳುತ್ತಾ ಮನೆಗೆ ಬಂದ ತಾಯಿಯ ಕೈಯಿಂದ ಮಗಳು ಮೊಬೈಲ್ ತೆಗೆದುಕೊಂಡು ಪೂರ್ತಿ ಓದಿದಳು. ನಡುವೆ ಒಂದು 'ಅನ್‌ಲೆಸ್' ಇತ್ತು. ಆದಾಯ ಪ್ರಮಾಣಪತ್ರ ಸಲ್ಲಿಸದಿದ್ದರೆ ಮಾತ್ರ ಅರ್ಜಿ ತಿರಸ್ಕಾರವಾಗುತ್ತದೆ, ಇನ್ನೂ ನಾಲ್ಕು ದಿನ ಇದೆ ಎಂದಿತ್ತು. ಮರುದಿನವೇ ತಾಯಿ ಮಗಳು ಹೋಗಿ ಕೊಟ್ಟು ಬಂದರು.

"ಟೀಚರ್, ಪರೀಕ್ಷೆಗೆ ಅಂತ ಕಲಿತದ್ದು ಮನೆಗೂ ಬಂತು" ಎಂದರು ಆ ತಾಯಿ.

ಸಹೋದರಿಯರೇ, ಇಂದು ಸಂಜೆಯೇ ಮಗಳ ಮುಂದೆ ಒಂದು ಪುಟ ತೆರೆದಿಡಿ. ನಮ್ಮ ಹೆಣ್ಣುಮಕ್ಕಳ ಓದಿನಲ್ಲಿ ಅಲ್ಲಾಹನು ಬರಕತ್ ನೀಡಲಿ, ಆಮೀನ್.