ಹುಲ್ಲುಹಾಸು: ಬಿತ್ತನೆಯ ಕಾಲ ಯಾವುದು?

ಮನೆಯ ಮುಂದೆ ಸಂಜೆಯ ಹೊತ್ತು ಕುಳಿತುಕೊಳ್ಳಲು ಒಂದಿಷ್ಟು ಹಸಿರು ಹುಲ್ಲುಹಾಸು ಇರಬೇಕೆಂಬ ಆಸೆ ಯಾರಿಗೆ ತಾನೆ ಇಲ್ಲ? ಆ ಆಸೆ ನಮ್ಮಂಥ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಬೇಸಗೆಯ ರಜೆಯಲ್ಲಿ. ಬೀಜ ತಂದು ಚೆಲ್ಲುವುದೂ ಆಗಲೇ. ಆದರೆ ನಮಗೆ ಬಿಡುವಾದ ಕಾಲವೇ ಬೀಜಕ್ಕೆ ಹದವಾದ ಕಾಲವಾಗಬೇಕೆಂದಿಲ್ಲ.

ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳನ್ನು ಹೊಗಳುತ್ತವೆ. ಇಂಗ್ಲೆಂಡಿಗೆ ಅದು ಸರಿಯೇ. ಅಲ್ಲಿ ಬೆಳೆಸುವ ಫೆಸ್ಕ್ಯೂ, ರೈ ಮೊದಲಾದ ಹುಲ್ಲುಗಳು ತಂಪನ್ನು ಬಯಸುವ ಜಾತಿಯವು. ಬೇಸಗೆಯ ಬಿಸಿಲುಂಡ ಮಣ್ಣು ಆಗಿನ್ನೂ ಬೆಚ್ಚಗಿರುತ್ತದೆ, ಮಳೆಯೂ ಬರುತ್ತದೆ. ಚಳಿ ಬಲಿಯುವುದರೊಳಗೆ ಹುಲ್ಲು ಬೇರು ಬಿಟ್ಟಿರುತ್ತದೆ. ನಾವು ಕಲಿಯಬೇಕಾದುದು ಈ ಕಾರಣವನ್ನು, ತಿಂಗಳ ಹೆಸರನ್ನಲ್ಲ.

ನಮ್ಮ ಹುಲ್ಲುಹಾಸಿನ ಹುಲ್ಲು ಗಣೇಶನ ಪೂಜೆಗೆ ಏರಿಸುವ ಗರಿಕೆಯೇ. ಇದು ಬೆಚ್ಚನೆಯ ಹವೆಯನ್ನು ಬಯಸುತ್ತದೆ. ಮಣ್ಣಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಮೊಳಕೆ ನಿಧಾನ. ಆದುದರಿಂದ ಚಳಿಗಾಲ ಸಲ್ಲದು. ಬೇಸಗೆಯಲ್ಲಿ ಬಿಸಿಯುಂಟು, ನೀರಿಲ್ಲ. ಬೀಜವಾದರೋ ಬಹು ಸಣ್ಣದು. ಕಾಲು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಮೇಲ್ಮಣ್ಣು ಒಂದು ಮಧ್ಯಾಹ್ನ ಚೆನ್ನಾಗಿ ಒಣಗಿದರೆ ಎಳೆಯ ಮೊಳಕೆ ಬಾಡಿಹೋದೀತು.

ಲೆಕ್ಕ ಹಾಕಿ ನೋಡೋಣ. 5 ಮೀಟರ್ ಉದ್ದ, 4 ಮೀಟರ್ ಅಗಲದ ಅಂಗಳಕ್ಕೆ ದಿನಕ್ಕೆ 5 ಮಿಲಿಮೀಟರ್ ನೀರೆಂದರೆ 100 ಲೀಟರ್. 15 ಲೀಟರಿನ ಕೊಡದಲ್ಲಿ ಸುಮಾರು 7 ಕೊಡ. ಮೂರು ವಾರಕ್ಕೆ 140 ಕೊಡ! ನಮ್ಮ ಬೀದಿಯಲ್ಲಿ ಬೇಸಗೆಯಲ್ಲಿ ನಲ್ಲಿಯ ನೀರು ಬರುವುದು ದಿನ ಬಿಟ್ಟು ದಿನ. ಆಸೆ ಮಗನದು, ಕೊಡ ಹೊರುವ ಪಾಡು ತಾಯಿಯದು ಎಂಬಂತಾಗಬಾರದಷ್ಟೆ.

ಮೈಸೂರು, ಬೆಂಗಳೂರುಗಳ ಕಡೆ ಜೂನ್ 8ರ ಸುಮಾರಿಗೆ ಮೃಗಶಿರಾ ಮಳೆಯೂ, 22ರ ಸುಮಾರಿಗೆ ಆರಿದ್ರಾ ಮಳೆಯೂ ಹುಟ್ಟುತ್ತವೆ. ಮೇ ತಿಂಗಳಲ್ಲೇ ನೆಲವನ್ನು ಅಗೆದು, ಕಳೆಯ ಬೇರು ಆಯ್ದು, ಸಮಮಾಡಿಟ್ಟುಕೊಳ್ಳಬೇಕು. ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ, ಮಳೆ ಬಿಟ್ಟ ದಿನ ನೋಡಿ ಬಿತ್ತಬೇಕು. ಮೋಡವೂ ತುಂತುರು ಮಳೆಯೂ ಮಣ್ಣನ್ನು ಒಣಗಗೊಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆ ಬರುವ ಹೊತ್ತಿಗೆ ಗರಿಕೆ ನೆಲವನ್ನು ಹಿಡಿದಿರುತ್ತದೆ. ಬೀಜದ ಬದಲು ಬೇರಿನ ತುಂಡು ನೆಡುವವರಿಗೂ ಇದೇ ಕಾಲ.

ಕರಾವಳಿಯ ಮಿತ್ರರಿಗೆ ಈ ಮಾತು ಹೊಂದದು. ಅಲ್ಲಿ ಜೂನ್, ಜುಲೈಗಳ ಜಡಿಮಳೆಗೆ ಬೀಜವೇ ಕೊಚ್ಚಿಹೋಗುತ್ತದೆ. ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್ ಅಲ್ಲಿಗೆ ಲೇಸು. ತಿಂಗಳು ಇಂಗ್ಲೆಂಡಿನದೇ ಆಯಿತು. ಕಾರಣ ಮಾತ್ರ ಬೇರೆ! ಇನ್ನು ಮರದ ದಟ್ಟ ನೆರಳಿನಲ್ಲಿ ಯಾವ ಕಾಲದಲ್ಲಿ ಬಿತ್ತಿದರೂ ಗರಿಕೆ ಏಳದು.

ಆದುದರಿಂದ ರಜೆಯಲ್ಲಿ ಬೀಜ ಕೊಂಡವರು ಅದನ್ನು ಒಣ ಡಬ್ಬಿಯಲ್ಲಿ ಮುಚ್ಚಿಟ್ಟು ನೆಲವನ್ನು ಹದಮಾಡುತ್ತಿರಲಿ. ಕೆಲವು ವಾರಗಳ ತಾಳ್ಮೆಗೆ 140 ಕೊಡ ನೀರು ಉಳಿಯುವುದಾದರೆ ಕಾಯುವುದು ನಷ್ಟವೇನಲ್ಲ.