ಬೆಳ್ಳಿ ಬೆಟ್ಟದ ಊರಲ್ಲಿ ಒಂದು ದಿನ: ಪೊಟೊಸಿಯಿಂದ ನಮ್ಮ ರೂಪಾಯಿವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಮನೇಲಿ ಎಲ್ಲಾದ್ರೂ ಒಂದು ರೂಪಾಯಿ ನಾಣ್ಯ ಇದ್ಯಾ ನೋಡಿ. ಯುಪಿಐ ಬಂದ್ಮೇಲೆ ಸಿಗೋದು ಕಷ್ಟ, ಆದ್ರೂ ದೇವರ ಮನೆ ಡಬ್ಬೀಲಿ ಇದ್ದೇ ಇರುತ್ತೆ. ಈಗ ಅದು ಬರೀ ಸ್ಟೀಲು. ಆದರೆ ‘ರೂಪಾಯಿ’ ಅನ್ನೋ ಪದ ಬಂದಿರೋದು ಸಂಸ್ಕೃತದ ‘ರೂಪ್ಯ’ದಿಂದ, ಅಂದ್ರೆ ಬೆಳ್ಳಿ. ಮೊಘಲರ ಕಾಲದಲ್ಲಿ ರೂಪಾಯಿ ನಿಜವಾಗಲೂ ಬೆಳ್ಳಿಯದ್ದೇ. ನಮ್ಮಲ್ಲಿ ಅಷ್ಟು ಬೆಳ್ಳಿ ಗಣಿಗಳಿರಲಿಲ್ಲ. ಹಾಗಾದ್ರೆ ಅದು ಬಂದಿದ್ದು ಎಲ್ಲಿಂದ? ದೊಡ್ಡ ಪಾಲು ಅಮೆರಿಕ ಖಂಡದಿಂದ. ಅದರಲ್ಲೂ ಬೊಲಿವಿಯಾ ದೇಶದ, ಆಂಡೀಸ್ ಪರ್ವತದ ಮೇಲಿರುವ ಒಂದೇ ಒಂದು ಊರಿನ ಹೆಸರನ್ನು ಬಿಟ್ಟು ಈ ಕಥೆ ಹೇಳೋಕಾಗಲ್ಲ. ಅದೇ ಪೊಟೊಸಿ. ಬಿ.ಕಾಂ ಓದುವಾಗ ಹಣದುಬ್ಬರದ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದ್ದ ಊರು. ಒಬ್ಬನೇ ಹೋಗಿ ಒಂದಿಡೀ ದಿನ ಸುತ್ತಾಡಿ ಬಂದೆ.

ಮೊದಲು ಉಸಿರು

ಪೊಟೊಸಿ ಇರೋದು ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೂ ಜಾಸ್ತಿ. ಅಲ್ಲಿ ಗಾಳಿಯ ಒತ್ತಡ ಕರಾವಳಿಯಲ್ಲಿ ಇರೋದರ ನೂರಕ್ಕೆ ಅರವತ್ತರಷ್ಟು ಮಾತ್ರ. ಹಾಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆ. ಹೋಟೆಲಿನ ಎರಡನೇ ಮಹಡಿ ಹತ್ತೋದ್ರೊಳಗೆ ಎದೆ ಡವಡವ. ಸುಕ್ರೆ ಊರಲ್ಲಿ ಕೆಲವು ದಿನ ಇದ್ದು, ಮೈ ಒಗ್ಗಿಸಿಕೊಂಡು ಬಂದಿದ್ರೂ ಈ ಗತಿ.

ಬೆಳಿಗ್ಗೆ ಮಾರುಕಟ್ಟೆಯಲ್ಲಿ ‘ಆಪಿ’ ಕುಡಿದೆ. ನೇರಳೆ ಬಣ್ಣದ ಜೋಳವನ್ನು ಬೀಸಿ, ಸಕ್ಕರೆ, ಚಕ್ಕೆ, ಲವಂಗ ಹಾಕಿ ಕುದಿಸಿದ ಗಂಜಿ. ನೋಡೋಕೂ ಕುಡಿಯೋಕೂ ನಮ್ಮ ರಾಗಿ ಗಂಜಿಗೆ ನೆಂಟ. ಪಕ್ಕದಲ್ಲೇ ರಾಶಿ ರಾಶಿ ಆಲೂಗಡ್ಡೆ: ಕೆಂಪು, ಕಪ್ಪು, ಬೆರಳಿನಷ್ಟು ಉದ್ದದವು, ರಾತ್ರಿಯ ಹಿಮದಲ್ಲಿಟ್ಟು ಹಗಲು ಬಿಸಿಲಲ್ಲಿ ಒಣಗಿಸಿದ ‘ಚುನ್ಯೊ’ ಅನ್ನೋವು. ಆಲೂಗಡ್ಡೆಯನ್ನು ಮನುಷ್ಯ ಮೊದಲು ಬೆಳೆ ಮಾಡಿಕೊಂಡಿದ್ದೇ ಈ ಆಂಡೀಸ್ ಸೀಮೆಯಲ್ಲಿ. ಹಾಸನದ ಆಲೂಗಡ್ಡೆಯ ತವರುಮನೆ ಇದು ಅಂತ ಆ ಅಂಗಡಿ ಅಜ್ಜಿಗೆ ಹೇಳೋಣ ಅಂದ್ರೆ, ನನ್ನ ಸ್ಪ್ಯಾನಿಷ್ ಅಷ್ಟು ದೂರ ಹೋಗಲ್ಲ.

ಟಂಕಸಾಲೆಯೊಳಗೆ

ಆಮೇಲೆ ಹೋಗಿದ್ದು ಟಂಕಸಾಲೆಗೆ, ಅಂದ್ರೆ ಹಿಂದೆ ನಾಣ್ಯ ಮುದ್ರಿಸುತ್ತಿದ್ದ ಕಟ್ಟಡಕ್ಕೆ. ಈಗಿನ ಕಟ್ಟಡ ಮುಗಿದಿದ್ದು 1773ರಲ್ಲಿ; ಇವತ್ತು ಅದು ಮ್ಯೂಸಿಯಂ. ಕೋಟೆಯಂಥ ಗೋಡೆ. ಅಂಗಳದ ಕಮಾನಿನ ಮೇಲೆ ಹಲ್ಲು ಕಿರಿಯುವ ಒಂದು ದೊಡ್ಡ ಮುಖ. ಅದು ಯಾರ ಮುಖ ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ.

ಒಳಗೆ ಆಳೆತ್ತರ ಮೀರಿದ ಮರದ ಹಲ್ಲುಚಕ್ರಗಳಿವೆ. ಬೆಳ್ಳಿ ಗಟ್ಟಿಯನ್ನು ನಾಣ್ಯದ ದಪ್ಪಕ್ಕೆ ತಟ್ಟೆ ಮಾಡುವ ಯಂತ್ರ ಅದು. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಸುತ್ತು ಹಾಕುತ್ತಿದ್ದವು, ಮೇಲೆ ಚಕ್ರ ತಿರುಗುತ್ತಿತ್ತು. ನಮ್ಮ ಎತ್ತಿನ ಗಾಣ ನೆನಪಾಯ್ತು.

ಇಲ್ಲಿ ಮುದ್ರೆಯಾದ ‘ಎಂಟು ರಿಯಾಲ್’ ನಾಣ್ಯ ಸುಮಾರು 27 ಗ್ರಾಂ ತೂಕ. ಅದು ಅಟ್ಲಾಂಟಿಕ್ ದಾಟಿ ಸ್ಪೇನಿಗೆ ಹೋಯ್ತು. ಅಲ್ಲಿಂದ ಸಾಲಕ್ಕೆ, ಯುದ್ಧಕ್ಕೆ, ವ್ಯಾಪಾರಕ್ಕೆ ಅಂತ ಯುರೋಪ್ ತುಂಬಾ ಹರಡಿತು. ಯುರೋಪಿನವರಿಗೆ ನಮ್ಮ ಮೆಣಸು, ನೀಲಿ, ಹತ್ತಿ ಬಟ್ಟೆ ಬೇಕು. ಅವರು ತರುವ ಸಾಮಾನು ನಮಗೆ ಅಷ್ಟಾಗಿ ಬೇಡ. ಸರಿ, ಬೆಳ್ಳಿ ಕೊಡಿ ಅಂದ್ರು ನಮ್ಮವರು. ಸೂರತ್ ಬಂದರಿಗೆ ಬಂದ ಆ ನಾಣ್ಯ ಹಾಗೇ ಚಲಾವಣೆಯಾಗ್ತಿರಲಿಲ್ಲ. ಮೊಘಲರ ಟಂಕಸಾಲೆಗೆ ಕೊಟ್ಟು, ಶುಲ್ಕ ಕಟ್ಟಿ, ಕರಗಿಸಿ, ರೂಪಾಯಿ ಮಾಡಿಸಿಕೊಳ್ಳಬೇಕಿತ್ತು. ಸ್ಪೇನಿನ ರಾಜನ ಮುದ್ರೆ ಹೋಗಿ ಬಾದಶಾಹನ ಹೆಸರು ಬರ್ತಿತ್ತು. ಆಡಿಟ್ ಟ್ರೇಲ್ ಅಲ್ಲಿಗೆ ಕಟ್.

ಆಡಿಟ್ ಅಂದಾಗ ಇದನ್ನೂ ಹೇಳ್ಬೇಕು. 1640ರ ದಶಕದಲ್ಲಿ ಇದೇ ಊರಿನ ಟಂಕಸಾಲೆಯಲ್ಲಿ ಬೆಳ್ಳಿಗೆ ತಾಮ್ರ ಬೆರೆಸಿ ನಾಣ್ಯ ಹೊಡೀತಿದ್ರು. ತೂಕ ಸರಿ, ಶುದ್ಧತೆ ಕಡಿಮೆ. ಯುರೋಪಿನ ವ್ಯಾಪಾರಿಗಳು ‘ಪೆರು ನಾಣ್ಯ ಬೇಡ’ ಅನ್ನೋಕೆ ಶುರು ಮಾಡಿದಾಗ ರಾಜ ತನಿಖೆಗೆ ಅಧಿಕಾರಿಯನ್ನು ಕಳಿಸಿದ. ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾ ಅನ್ನೋ ಶ್ರೀಮಂತ ಬೆಳ್ಳಿ ವ್ಯಾಪಾರಿಗೆ 1650ರಲ್ಲಿ ಮರಣದಂಡನೆ ಆಯ್ತು. 1652ರಲ್ಲಿ ನಾಣ್ಯದ ವಿನ್ಯಾಸವನ್ನೇ ಬದಲಾಯಿಸಿದ್ರು, ಹಳೇದು ಹೊಸದು ಕಣ್ಣಿಗೇ ಗೊತ್ತಾಗಲಿ ಅಂತ. ದುಡ್ಡು ಅನ್ನೋದು ಲೋಹವೋ, ನಂಬಿಕೆಯೋ ಅಂತ ಕಾಲೇಜಲ್ಲಿ ಹತ್ತು ಅಂಕದ ಪ್ರಶ್ನೆ ಬರ್ತಿತ್ತು. ಉತ್ತರ ಇಲ್ಲಿದೆ.

ಬೆಟ್ಟದ ಲೆಕ್ಕ

ಸಾನ್ ಫ್ರಾನ್ಸಿಸ್ಕೊ ಮಠದ ಹೆಂಚಿನ ಮಾಡಿನ ಮೇಲೆ ಹತ್ತಿ ನೋಡಬಹುದು. ಅಲ್ಲಿಂದ ಎದುರಿಗೇ ಕಾಣೋದು ಸೆರ್ರೊ ರಿಕೊ, ಅಂದ್ರೆ ‘ಸಿರಿವಂತ ಬೆಟ್ಟ’. ಕೆಂಗಂದು ಬಣ್ಣ, ಕುಂಕುಮದ ರಾಶಿ ಸುರಿದ ಹಾಗೆ. ಬೊಲಿವಿಯಾದ ರಾಷ್ಟ್ರಲಾಂಛನದಲ್ಲಿ ಇರೋದೂ ಇದೇ ಬೆಟ್ಟ.

1545ರಲ್ಲಿ ಇಲ್ಲಿ ಸ್ಪೇನಿನವರು ಬೆಳ್ಳಿ ತೆಗೆಯೋಕೆ ಶುರು ಮಾಡಿದ್ರು. 17ನೇ ಶತಮಾನದ ಆರಂಭಕ್ಕೆ ಈ ಬೋಳು ಎತ್ತರದಲ್ಲಿ ಒಂದೂವರೆ ಲಕ್ಷದಷ್ಟು ಜನ ಇದ್ದರು ಅಂತ ಅಂದಾಜು. ‘ಪೊಟೊಸಿಯಷ್ಟು ಬೆಲೆ’ ಅನ್ನೋ ಮಾತು ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಇದೆ.

ಆ ಬೆಲೆ ಕೊಟ್ಟವರು ಯಾರು? 1570ರ ದಶಕದಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಎರಡು ವ್ಯವಸ್ಥೆ ತಂದ. ಒಂದು, ಅದಿರನ್ನು ಪುಡಿ ಮಾಡಿ ಪಾದರಸ ಬೆರೆಸಿ ಬೆಳ್ಳಿ ಬೇರ್ಪಡಿಸೋದು. ಆ ಪಾದರಸ ಪೆರುವಿನ ವಾಂಕವೆಲಿಕಾ ಗಣಿಯಿಂದ ಬರ್ತಿತ್ತು. ಇನ್ನೊಂದು ‘ಮಿತಾ’. ಇಂಕಾ ರಾಜ್ಯದಲ್ಲಿ ಸರದಿ ಪ್ರಕಾರ ದುಡಿಯುವ ಪದ್ಧತಿ ಮೊದಲೇ ಇತ್ತು. ತೊಲೆದೊ ಅದನ್ನು ಗಣಿಗೆ ತಿರುಗಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳ ದುಡಿಯುವ ಗಂಡಸರಲ್ಲಿ ಏಳಕ್ಕೆ ಒಬ್ಬರಂತೆ, ವರ್ಷಕ್ಕೆ ಸುಮಾರು 13,000 ಮಂದಿ ಬರಲೇಬೇಕು. ಕೂಲಿ ಹೆಸರಿಗೆ ಮಾತ್ರ. ದೂಳು, ಕುಸಿತ, ಪಾದರಸದ ವಿಷ. ಇದು ಎರಡು ಶತಮಾನಕ್ಕೂ ಹೆಚ್ಚು ಕಾಲ ನಡೀತು. ನಾಣ್ಯದ ಲೆಕ್ಕ ಪುಸ್ತಕಗಳಲ್ಲಿ ಸಿಗುತ್ತೆ. ಸತ್ತವರ ಲೆಕ್ಕ ಹಾಗೆ ಸಿಗಲ್ಲ.

ಒಳಗೆ ಹೋಗೋದಾ, ಬೇಡ್ವಾ?

ಮಧ್ಯಾಹ್ನದ್ದು ಈ ದಿನದ ಕಷ್ಟದ ಭಾಗ. ಪೊಟೊಸಿಗೆ ಬರುವ ಪ್ರವಾಸಿಗರಲ್ಲಿ ತುಂಬಾ ಜನ ಗಣಿಯೊಳಗೆ ಹೋಗ್ತಾರೆ. ಇದು ಹಳೆಯ ಗಣಿಯಲ್ಲ, ಇವತ್ತೂ ಕೆಲಸ ನಡೆಯುವ ಗಣಿ. ಸಹಕಾರ ಸಂಘಗಳ ಕಾರ್ಮಿಕರು ಸತು, ಸೀಸ, ತವರ, ಉಳಿದಷ್ಟು ಬೆಳ್ಳಿ ತೆಗೀತಾರೆ. ಒಳಗೆ ‘ತಿಯೊ’ ಅನ್ನೋ ಕೊಂಬಿನ ದೇವರ ಮೂರ್ತಿ ಇರುತ್ತೆ. ಅದಕ್ಕೆ ಕೋಕಾ ಎಲೆ, ಸಿಗರೇಟು, ಮದ್ಯ ಎಡೆ ಇಟ್ಟೇ ಕೆಲಸ ಶುರು.

ನನ್ನ ತಾತ ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದವರು. 3 ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಗಣಿ ಅದು, 2001ರಲ್ಲಿ ಮುಚ್ಚಿತು. ತಾತನಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುವ ಕಾಯಿಲೆ, ಗುಣ ಆಗಲ್ಲ. ರಾತ್ರಿಯೆಲ್ಲ ಅವರು ಕೆಮ್ಮೋದು ಕೇಳ್ತಾ ಬೆಳೆದವನು ನಾನು. ‘ಗಣಿ ತೋರ್ಸು ತಾತ’ ಅಂದ್ರೆ ಒಂದೇ ಉತ್ತರ: ‘ನೋಡಕ್ಕೇನಿದೆ ಅಲ್ಲಿ, ಕತ್ತಲು.’

ಹಾಗಾಗಿ ಹೆಲ್ಮೆಟ್ ಹಾಕಿಕೊಂಡು ಇನ್ನೊಬ್ಬರ ಕತ್ತಲು ನೋಡೋಕೆ ದುಡ್ಡು ಕೊಡೋದು ನನಗೆ ಸರಿ ಕಾಣಲಿಲ್ಲ. ಮಾಜಿ ಗಣಿ ಕಾರ್ಮಿಕರಾಗಿದ್ದ ಗೈಡ್‌ಗೆ ಅದನ್ನೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ನೀವು ಬರದಿದ್ರೆ ನಾನು ಮತ್ತೆ ಒಳಗೆ ಹೋಗ್ಬೇಕು, ಅಷ್ಟೇ’ ಅಂದ್ರು. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಮನಸ್ಸಾಕ್ಷಿಯ ಖರ್ಚು ಅವರ ಖಾತೆಗೆ ಬೀಳ್ತಿತ್ತು.

ಕೊನೆಗೆ ಪೂರ್ತಿ ದುಡ್ಡು ಕೊಟ್ಟು, ಗಣಿ ಬಾಯಿವರೆಗೆ ಮಾತ್ರ ಹೋಗೋಣ ಅಂದೆ. ಮೇಲೆ ಹೆಂಗಸರು ಕಲ್ಲಿನ ರಾಶಿಯಲ್ಲಿ ಕೂತು, ಬಿಸಾಕಿದ ಚೂರುಗಳಲ್ಲಿ ಅದಿರು ಆರಿಸ್ತಿದ್ರು. ಬೆಟ್ಟದೊಳಗೆ ಐದು ಶತಮಾನದ ಸುರಂಗಗಳು. 2011ರಲ್ಲಿ ತುದಿಯೇ ಕುಸಿದು ಗುಂಡಿ ಬಿತ್ತು. 1987ರಲ್ಲಿ ಊರನ್ನು ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿದ್ದ ಯುನೆಸ್ಕೊ, 2014ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಗಣಿ ನಿಲ್ಲಿಸಿದ್ರೆ ಬೆಟ್ಟ ಉಳಿಯಬಹುದು. ಜನರ ಗತಿ?

ಗೈಡ್ ಕೇಳಿದ್ದೂ ಅದನ್ನೇ. ‘ನಿಮ್ಮೂರಲ್ಲಿ ಗಣಿ ಮುಚ್ಚಿದ ಮೇಲೆ ಜನ ಏನ್ಮಾಡಿದ್ರು?’

‘ಬೆಳಗಿನ ಜಾವ ಎದ್ದು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ರಾತ್ರಿ ವಾಪಸ್ ಬರ್ತಾರೆ’ ಅಂದೆ.

ಅವರು ಬೆಟ್ಟದ ಕಡೆ ನೋಡಿ ಹೇಳಿದ್ರು: ‘ನಮಗೆ ಹತ್ತಿರದಲ್ಲಿ ಬೆಂಗಳೂರಿಲ್ಲ.’

ಹೋಗೋರಿಗೆ ಒಂದೆರಡು ಮಾತು

ಎತ್ತರ ಕಡಿಮೆ ಇರುವ ಸುಕ್ರೆಯಲ್ಲಿ ಕೆಲವು ದಿನ ಇದ್ದು ಹೋಗಿ. ಅಲ್ಲಿಂದ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆ. ಮೊದಲ ದಿನ ನಿಧಾನವಾಗಿ ನಡೀರಿ. ತಲೆನೋವು ಜಾಸ್ತಿಯಾದ್ರೆ ಹಟ ಬೇಡ, ಕೆಳಗಿಳಿದುಬಿಡಿ. ಸಾನ್ ಲೊರೆನ್ಸೊ ಚರ್ಚಿನ ಬಾಗಿಲು ತಪ್ಪಿಸಬೇಡಿ. ಆ ಕಲ್ಲಿನ ಕೆತ್ತನೆಯಲ್ಲಿ ಸೂರ್ಯ, ಚಂದ್ರರೂ ಇದ್ದಾರೆ, ತಂತಿವಾದ್ಯ ನುಡಿಸುವ ಮತ್ಸ್ಯಕನ್ಯೆಯರೂ ಇದ್ದಾರೆ. ಸ್ಪೇನಿನ ಚರ್ಚಿಗೆ ಅಲ್ಲಿನ ಕುಶಲಕರ್ಮಿಗಳು ತಮ್ಮ ಆಕಾಶವನ್ನೂ ಸೇರಿಸಿಬಿಟ್ಟಿದ್ದಾರೆ. ಗಣಿಯೊಳಗೆ ಹೋಗೋದು, ಬಿಡೋದು ನಿಮ್ಮ ತೀರ್ಮಾನ. ಹೋಗೋದಾದ್ರೆ ಹಿಂದೆ ಗಣಿಯಲ್ಲಿ ದುಡಿದವರನ್ನೇ ಗೈಡ್ ಮಾಡಿಕೊಳ್ಳಿ, ಕೇಳದೆ ಯಾರ ಫೋಟೋನೂ ತೆಗೀಬೇಡಿ.

ಸಂಜೆ ‘ನವೆಂಬರ್ 10’ರ ಚೌಕದಲ್ಲಿ ಕೂತು ಅಮ್ಮನಿಗೆ ಫೋನ್ ಮಾಡ್ದೆ. ಇಂಥ ಊರಿಗೆ ಬಂದಿದೀನಿ, ಗಣಿ ಬಾಗಿಲವರೆಗೆ ಹೋಗಿ ಬಂದೆ ಅಂದೆ. ‘ಒಳಗೆ ಹೋಗ್ಲಿಲ್ಲ ತಾನೆ?’ ಅಂದ್ರು. ಇಲ್ಲಮ್ಮ ಅಂದೆ. ‘ಒಳ್ಳೇದು, ಊಟ ಮಾಡು’ ಅಂದ್ರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಆ ಒಂದು ರೂಪಾಯಿನ ವಾಪಸ್ ಡಬ್ಬಿಗೆ ಹಾಕಿಬಿಡಿ.